ಕೆರೆಯ ಮೇಲೆ ಕೇಳಿದ ಹಂಸದ ಕೂಗು

ಪಿಂಡವನ್ನು ಕಾಗೆ ಮುಟ್ಟುವುದೂ ಬಿಡುವುದೂ ಅದರ ಹಸಿವಿಗೆ ಸೇರಿದ್ದು ಎಂದೇ ನಂಬಿದ್ದವಳು ನಾನು. ಸತ್ತವರ ಆಸೆ, ಅದು ಇದು ಎಂದು ಯಾರಾದರೂ ಹೇಳಿದರೆ ಎದುರಿಗೆ ತಲೆಯಾಡಿಸಿ, ಅಡುಗೆಮನೆಗೆ ಬಂದು ನಗುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನಿಮಗೇನು ಅನ್ನಿಸುತ್ತದೋ ನೋಡಿ.

ನನ್ನ ಅಣ್ಣ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ವಿಜಯನಗರದ ಮನೆಯಲ್ಲಿ ಅವನೂ ಶಾರದತ್ತಿಗೆಯೂ ಇಬ್ಬರೇ, ಮಕ್ಕಳಿರಲಿಲ್ಲ. ಉತ್ತರ ಧ್ರುವದ ಹತ್ತಿರ, ಮರವೇ ಬೆಳೆಯದ ಜೌಗು ಬಯಲಿನಲ್ಲಿ ಮರಿ ಮಾಡಿ, ಚಳಿಗೆ ಮುಂಚೆ ದಕ್ಷಿಣಕ್ಕೆ ಹಾರುವ ಒಂದು ಬಿಳಿ ಹಂಸವೆಂದರೆ ಅವನಿಗೆ ಪ್ರಾಣ. ಕಣ್ಣಾರೆ ಕಂಡವನಲ್ಲ, ಆ ಹಕ್ಕಿ ನಮ್ಮ ಕಡೆ ಬರುವುದೇ ಇಲ್ಲ. ಬೂದು ಬಣ್ಣದ ಮರಿಗಳು ಮೊದಲ ಚಳಿಗಾಲವೆಲ್ಲ ಅಪ್ಪ ಅಮ್ಮನ ಜೊತೆಗೇ ಇದ್ದು ದಾರಿ ಕಲಿಯುತ್ತವೆ, ಕೊಕ್ಕಿನ ಹಳದಿ ಮಚ್ಚೆ ಒಂದಕ್ಕಿದ್ದಂತೆ ಇನ್ನೊಂದಕ್ಕಿರುವುದಿಲ್ಲ ಎಂದು ಕಾಫಿ ಆರಿಹೋಗುವವರೆಗೂ ಹೇಳುತ್ತಿದ್ದ. ಸಂಜೆ ಮೊಬೈಲಿನಲ್ಲಿ ಅದರ ಕೂಗು ಹಾಕಿಕೊಂಡು ಕೂರುತ್ತಿದ್ದ. "ಏನ್ ಸಾರ್, ಮಹಡೀಲಿ ಬಾತುಕೋಳಿ ಸಾಕಿದೀರಾ?" ಎಂದು ಕೆಳಮನೆಯವರು ರೇಗಿಸುತ್ತಿದ್ದರು.

ಒಮ್ಮೆ ಅತ್ತಿಗೆ, "ಜೊತೆ ಸತ್ರೆ ಇನ್ನೊಂದು ಅನ್ನ ನೀರು ಬಿಟ್ಟು ಸಾಯುತ್ತಂತಲ್ಲ?" ಅಂದರು.

"ಅದೆಲ್ಲ ಕಟ್ಟುಕತೆ ಕಣೇ," ಅಂದ ಅಣ್ಣ. "ಬಹಳ ದಿನ ಒಂಟಿಯಾಗಿರುತ್ತೆ, ನಿಜ. ಆದ್ರೆ ನೀರು ಹೆಪ್ಪುಗಟ್ಟೋ ಮುಂಚೆ ಗುಂಪಿನ ಜೊತೆ ಹಾರೇ ಹಾರುತ್ತೆ. ದಾರೀಲಿ ಮೇಯುತ್ತೆ ಕೂಡ."

ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ಎದೆನೋವೆಂದು ಕೂತ ಅಣ್ಣ ಮತ್ತೆ ಏಳಲಿಲ್ಲ. ಅತ್ತಿಗೆ ಊಟ ಬಿಟ್ಟರು. ಮೊದಲೇ ಸಕ್ಕರೆ ಕಾಯಿಲೆ. ಬಲವಂತ ಮಾಡಿದರೆ ಎರಡು ಗುಟುಕು ಮಜ್ಜಿಗೆ, ಅಷ್ಟೇ. ಹೀಗೇ ಬಿಟ್ಟರೆ ಕೈ ಮೀರುತ್ತದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಹತ್ತನೆಯ ದಿನದ ಕರ್ಮ ಕೆಂಗೇರಿ ಆಚೆಯ ಒಂದು ಕೆರೆಯ ದಂಡೆಯಲ್ಲಿ. ಚಿಕ್ಕಪ್ಪನ ಮಗ ಸತೀಶ ಕರ್ತೃ. ಪಿಂಡ ಇಟ್ಟು ಎಲ್ಲರೂ ದೂರ ಸರಿದೆವು. ಕಾಗೆಗಳು ಲೈಟು ಕಂಬದ ಮೇಲೆ ಸಾಲಾಗಿ ಕೂತವು, ಒಂದೂ ಇಳಿಯಲಿಲ್ಲ. ಬಿಸಿಲೇರಿತು.

"ಏನೋ ಆಸೆ ಉಳ್ಕೊಂಡಿದೆ, ನೆನಪು ಮಾಡ್ಕೊಂಡು ಹೇಳಿ," ಅಂದರು ಪುರೋಹಿತರು.

"ವರ್ಷವರ್ಷ ತಿಥಿ ತಪ್ಪಿಸಲ್ಲ ಅಣ್ಣ," ಅಂದ ಸತೀಶ. "ಮನೆ ಮಾರೋಕೆ ಬಿಡಲ್ಲ," ಅಂದರು ನನ್ನ ಯಜಮಾನರು. ಕಾಗೆಗಳು ಅಲ್ಲಾಡಲಿಲ್ಲ. "ಈ ಕಡೆ ಕಾಗೆಗೆಲ್ಲ ಬಿರಿಯಾನಿ ರುಚಿ ಹತ್ತಿದೆ, ಸಪ್ಪೆ ಅನ್ನ ಯಾಕೆ ಮುಟ್ತವೆ," ಎಂದು ಅವರು ನನ್ನ ಕಿವಿಯಲ್ಲಿ ಗೊಣಗಿದರು.

ಕೊನೆಗೆ ಪುರೋಹಿತರು ದರ್ಭೆ ಕೈಗೆತ್ತಿಕೊಂಡರು. ಕಾಗೆ ಬಾರದಿದ್ದರೆ ದರ್ಭೆಯಲ್ಲೇ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸುವುದುಂಟು.

"ಹುಲ್ಲಿನ ಕಾಗೆ ಬೇಡ," ಅಂದರು ಅತ್ತಿಗೆ. "ಅವರಿಗೆ ಅದು ಸರಿಹೋಗಲ್ಲ. ನಾನು ಇಲ್ಲೇ ಕೂತಿರ್ತೀನಿ, ನೀವೆಲ್ಲ ಹೋಗಿ."

ಆಗಲೇ ಅದು ಕೇಳಿದ್ದು. ಕೆರೆಯ ಮೇಲೆ, ಎತ್ತರದಲ್ಲಿ, ಮೃದುವಾಗಿ, ಎರಡೆರಡು ಸ್ವರ. ಅಣ್ಣನ ಮೊಬೈಲಿನಲ್ಲಿ ಅಷ್ಟು ಸಲ ಕೇಳಿದ ಅದೇ ಕೂಗು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು. "ಕೇಳಿಸ್ತೇನೇ?"

ನಾನು ಹೌದೆಂದು ತಲೆಯಾಡಿಸಿದೆ. ಆಕಾಶ ಖಾಲಿ. ಸತೀಶನಿಗೂ ನನ್ನ ಯಜಮಾನರಿಗೂ ಪುರೋಹಿತರಿಗೂ ಏನೂ ಕೇಳಿಸಿರಲಿಲ್ಲ. ಅಣ್ಣನ ಮೊಬೈಲು ಮನೆಯ ಬೀರುವಿನಲ್ಲಿತ್ತು. ನಾನೇ ಆಫ್ ಮಾಡಿ ಇಟ್ಟಿದ್ದೆ.

ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡು, ಮೇಲೆ ನೋಡುತ್ತಾ, "ಆಯ್ತು ರೀ. ಊಟ ಮಾಡ್ತೀನಿ. ನೀವು ಹೊರಡಿ," ಅಂದರು.

ಕಂಬದಿಂದ ಒಂದು ಕಾಗೆ ಇಳಿಯಿತು. ಆಮೇಲೆ ಎಲ್ಲವೂ.

ಆ ಮಧ್ಯಾಹ್ನ ಅತ್ತಿಗೆ ಅಳುತ್ತಲೇ ತೊವ್ವೆ ಅನ್ನ ಉಂಡರು, ಇನ್ನೊಂದು ತುತ್ತು ಹಾಕೆಂದು ತಟ್ಟೆ ಚಾಚಿದರು.

ಹಕ್ಕಿ ನೋಡುವ ಹವ್ಯಾಸದವರೊಬ್ಬರನ್ನು ವಿಚಾರಿಸಿದೆ. ಚಳಿಗಾಲಕ್ಕೆ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತು ಇರಬೇಕು ಎಂದು ಅದರ ಕೂಗು ಕೇಳಿಸಿದರು. ಅದಲ್ಲ. ಮತ್ತೇನೆಂದರೆ ನನಗೆ ಗೊತ್ತಿಲ್ಲ. ಅತ್ತಿಗೆಗೆ ಅವತ್ತು ಏನು ಕೇಳಿಸಿತೆಂದು ನಾನು ಇವತ್ತಿನವರೆಗೂ ಕೇಳಿಲ್ಲ. ನನಗೆ ಕೇಳಿಸಿದ್ದಲ್ಲದೆ ಬೇರೆ ಏನಾದರೂ ಹೇಳಿಬಿಟ್ಟರೆ ಎಂದು ಭಯ.