ನಾಲ್ಕನೆಯ ಸೀಟು

ಮೂವರು ಕೂಡಿ ಪ್ರಯಾಣ ಹೊರಟರೆ ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲು ಜೊತೆಗಿಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಯುರೋಪಿಗೆ ಹೊರಟಾಗಲೂ ನನ್ನ ಹೆಂಡತಿ ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯ ಅಂಗಳದಿಂದ ಒಂದು ಕೆಂಪು ಕಲ್ಲು ಆರಿಸಿಕೊಂಡಳು. ನಾನು ರೇಗಿದೆ.

ನಮ್ಮ ಜೊತೆಗೆ ಮೂರನೆಯವನಾಗಿ ಬಂದಿದ್ದ, ಭಾಲ್ಕಿಯಲ್ಲಿ ತೊಗರಿ ವ್ಯಾಪಾರ ಮಾಡುವ ಅವಳ ತಮ್ಮ ಜರ್ಮನಿಯಲ್ಲಿ ಬಾಡಿಗೆಗೆ ಹಿಡಿದದ್ದು ವಿಪರೀತ ವೇಗದ, ಉದ್ದ ಡಿಕ್ಕಿಯ ಎಸ್ಟೇಟ್ ಕಾರು. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಕಲ್ಲು. ಗಾಡಿ ಹೊರಟೊಡನೆ, ಆ ಸೀಟಿನವರು ಬೆಲ್ಟ್ ಹಾಕಿಲ್ಲವೆಂದು ಕಾರು ಕೂಗತೊಡಗಿತು.

“ಸೆನ್ಸರ್ ಖರಾಬ್ ಆಗ್ಯದ,” ಎಂದೆ. ಹೆಂಡತಿ ಕಲ್ಲಿನ ಮೇಲೆ ಬೆಲ್ಟ್ ಎಳೆದು ಸಿಕ್ಕಿಸಿದಳು. ಕೂಗು ನಿಂತಿತು. ಆಲ್ಪ್ಸ್ ದಾಟಿ ಇಟಲಿ ಮುಟ್ಟುವವರೆಗೂ ಕಲ್ಲು ಹಾಗೇ ಕೂತು ಬಂತು.

ಕಾರು ಮರಳಿಸುವ ದಿನ ಆ ಕಲ್ಲನ್ನು ನಾನೇ ನದಿಗೆ ಎಸೆದೆ.

“ವಾಪಸ್ ಮನಿಗಿ ಒಯ್ಯಬೇಕಿತ್ತುರಿ ಅದನ್ನ,” ಅಂದಳು. ನಕ್ಕುಬಿಟ್ಟೆ.

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ನಾವು ಮೂವರೂ ಅವಳ ತಮ್ಮನ ಕಾರಿನಲ್ಲಿ ಔರಾದಿಗೆ ಹೊರಟೆವು. ಹೆಂಡತಿಯ ಪಕ್ಕದ ಸೀಟು ಖಾಲಿಯಿತ್ತು. ಗಾಡಿ ಹೊರಟೊಡನೆ ಅದೇ ಕೂಗು.

ಅವಳ ತಮ್ಮ ಗಾಡಿ ನಿಲ್ಲಿಸಿದ. ನಾನೇ ಇಳಿದು, ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿಗೆ ಮೆಲ್ಲಗೆ ಬೆಲ್ಟ್ ಹಾಕಿದೆ, ಕೂತವರಿಗೆ ಒತ್ತದಂತೆ.