ಬಾತ್‌ರೂಮಿಗೆ ನಡೆಸಿದ ನರ್ಸು

ಕೊರೋನಾ ಅಡಗಿದ ಮರುವರ್ಷ. ಚಾಮರಾಜಪೇಟೆಯ ಒಂದು ಆರೈಕೆ ಕೇಂದ್ರದಲ್ಲಿ ನಾನು ಆಯಾ. ಅಲ್ಲಿಗೆ ಬರುವವರು ವಾಸಿಯಾಗಿ ಮನೆಗೆ ಹೋಗುವವರಲ್ಲ. ಇರುವಷ್ಟು ದಿನ ಇರಲು ಬರುವವರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕೆಲಸ ಕಲಿತದ್ದೆಲ್ಲ ಮಾಡಿ ಮಾಡಿ.

ಬಿನ್ನಿಪೇಟೆಯ ಶೋಭಾ ಆಗಷ್ಟೇ ನರ್ಸಿಂಗ್ ಮುಗಿಸಿ ನಮ್ಮಲ್ಲಿಗೆ ಸೇರಿದಳು. ಜೊತೆಯಲ್ಲಿ ಓದಿದವರೆಲ್ಲ ದೊಡ್ಡ ಆಸ್ಪತ್ರೆಗೆ ಹೋಗಿದ್ದರು. ಅವರಲ್ಲೊಬ್ಬಳು ಫೋನಿನಲ್ಲಿ ಛೇಡಿಸಿದಳು: "ಮುದುಕರ ಡೈಪರ್ ಬಿಚ್ಚೋಕೆ ನಾಲ್ಕು ವರ್ಷ ಓದಿದ್ಯೇನೇ?"

"ಹೂಂ ಕಣೇ. ನಿಂಗೂ ವಯಸ್ಸಾಗ್ಲಿ, ಬಾ. ನಿಂದೂ ಬಿಚ್ತೀನಿ."

ಆ ಬಾಯಿ ನನಗೆ ಹಿಡಿಸಿತು.

ನಮ್ಮಲ್ಲಿ ಎಲ್ಲರಿಗೂ ಡೈಪರ್. ನಡೆಯಬಲ್ಲವರಿಗೂ. ಹದಿನಾಲ್ಕು ಜನರನ್ನು ಎಬ್ಬಿಸಿ ಕರೆದೊಯ್ಯಲು ಆಳು ಸಾಲದು ಎಂಬುದು ಮ್ಯಾನೇಜರನ ಮಾತು. ಬಸವನಗುಡಿಯ ಲಲಿತಮ್ಮ ಮೇಡಂ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಬಂದವರು. ವಾಕರ್ ಹಿಡಿದು ನಡೆಯಬಹುದೆಂದು ಡಾಕ್ಟರ್ ಹೇಳಿದ್ದರೂ ಮಂಚದಲ್ಲೇ ಇಟ್ಟಿದ್ದರು. ಆಕೆ ದಿನೇ ದಿನೇ ಒಣಗಿದರು. ಮೂತ್ರದ ಸೋಂಕು, ಜ್ವರ, ಹಗಲೆಲ್ಲ ಮಂಪರು.

"ವಯಸ್ಸಾಯ್ತಲ್ಲ" ಎಂದ ಮ್ಯಾನೇಜರ್.

ಶೋಭಾ ಮಂಚದ ಪಕ್ಕ ಕೂತು ಕೇಳಿದಳು. "ನೀರು ಯಾಕೆ ಕುಡಿಯಲ್ಲ ಮೇಡಂ?"

"ಕುಡಿದ್ರೆ ಹೋಗ್ಬೇಕಲ್ಲಮ್ಮ. ಮಲಗಿದ ಕಡೆ ನಾನು ಹೋಗಲ್ಲ."

ಶೋಭಾ ಡಾಕ್ಟರಿಗೆ ಫೋನ್ ಮಾಡಿದಳು. ಸೋಂಕಿಗೆ ಮಾತ್ರೆ ಶುರುವಾಯಿತು. ಜ್ವರ ಇಳಿದ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು, ನಾವಿಬ್ಬರೂ ಎರಡು ಗಂಟೆಗೊಮ್ಮೆ ಮೇಡಂ ಅವರನ್ನು ಬಾತ್‌ರೂಮಿಗೆ ನಡೆಸತೊಡಗಿದೆವು. ನನ್ನ ಬೆನ್ನು ಬಿದ್ದುಹೋಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮೇಡಂ ನೀರು ಕುಡಿದರು, ಮಂಪರು ಬಿಟ್ಟು ಪೇಪರ್ ತರಿಸಿಕೊಂಡರು.

"ಅವ್ರು ಬಿದ್ರೆ ನಿನ್ ಕೆಲ್ಸ ಹೋಯ್ತು ಅಂತ ತಿಳ್ಕೋ" ಎಂದು ಮ್ಯಾನೇಜರ್ ಶೋಭಾಗೆ ಎಚ್ಚರಿಕೆ ಕೊಟ್ಟ.

ಬಿದ್ದೇ ಬಿದ್ದರು. ಬಾತ್‌ರೂಮಿನ ಎತ್ತರದ ಹೊಸ್ತಿಲಿಗೆ ವಾಕರ್ ಸಿಕ್ಕಿಕೊಂಡಿತು. ಶೋಭಾ ತಬ್ಬಿ ಹಿಡಿದಿದ್ದರಿಂದ ಮೆಲ್ಲಗೆ ಕುಸಿದು ಕೂತರು, ಮೊಣಕೈ ತರಚಿತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಆದರೂ ಸಂಜೆ, ಸುದ್ದಿ ತಿಳಿದು ಬಂದಿದ್ದ ಮೇಡಂ ಮಗಳ ಎದುರಿಗೇ ಮ್ಯಾನೇಜರ್ ಶೋಭಾಗೆ ನಾಳೆಯಿಂದ ಬರಬೇಡ ಎಂದುಬಿಟ್ಟ.

ಶೋಭಾ ಅಳಲಿಲ್ಲ. "ಹೊಸ್ತಿಲು ಒಡೆಸಿ ಸಾರ್. ನಾನಿದ್ರೂ ಇಲ್ದಿದ್ರೂ ಇವ್ರು ನಡೀಬೇಕು."

"ಬಿದ್ದವಳು ನಾನು. ನನ್ನ ಯಾರೂ ಕೇಳಲ್ವಾ?" ಎಂದರು ಮೇಡಂ. "ನಾಳೆನೂ ನಡೀತೀನಿ."

ಮಗಳು ಮ್ಯಾನೇಜರ್ ಕಡೆ ತಿರುಗಿದರು. "ಅಮ್ಮ ಹೇಳಿದ್ದು ಕೇಳಿಸ್ತಲ್ಲ?"

ಅವನು ಇನ್ನೂ ಗೊಣಗುತ್ತಿದ್ದ. ನಾನು ಹೇಳಿದೆ: "ಇನ್ನೊಂದು ಕಡೆ ಹಿಡ್ಕೊಂಡಿದ್ದವಳು ನಾನು ಸಾರ್. ನನ್ನೂ ಕಳಿಸ್ಬಿಡಿ. ಬೆಳಿಗ್ಗೆ ಹದಿನಾಲ್ಕು ಡೈಪರ್ ಇರುತ್ತೆ. ಬಕೆಟ್ ಎಲ್ಲಿದೆ ಅಂತ ತೋರಿಸಿ ಹೋಗ್ತೀನಿ."

"ಸರಿ, ಇಬ್ರೂ ಇರಿ" ಎಂದು ಅವನು ಹೊರಟುಹೋದ. ಆ ವಾರವೇ ಗಾರೆ ಕೆಲಸದವನು ಬಂದು ಹೊಸ್ತಿಲು ಒಡೆದ. ಶೋಭಾ ಈಗಲೂ ಅಲ್ಲೇ ಇದ್ದಾಳೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಬೀಳುತ್ತಾರೆಂದು ಮಲಗಿಸಿಡಲು ನರ್ಸ್ ಬೇಕಿಲ್ಲ, ಒಂದು ಬೀಗ ಸಾಕು. ನರ್ಸ್ ಬೇಕಾಗುವುದು ಬೀಳುವಾಗ ಹಿಡಿಯುವುದಕ್ಕೆ.