ಎಂಟರ್ ಒತ್ತಿದರೆ ಖಾಲಿ

ನನಗೆ ಹುಟ್ಟಿನಿಂದ ಕಣ್ಣಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಒಂದು ಹಳೆಯ ಈಮೇಲ್ ಪ್ರೋಗ್ರಾಮಿಗಾಗಿ ನಾನು ಅಷ್ಟು ಒದ್ದಾಡಿದ್ದು ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ಆ ಪ್ರೋಗ್ರಾಮಿನಲ್ಲಿ ಚಿತ್ರಗಳಿಲ್ಲ, ಮೌಸಿನ ಕೆಲಸವಿಲ್ಲ. ಪರದೆಯ ಮೇಲೆ ಇರುವುದು ಬರೀ ಅಕ್ಷರ. ಬಾಣದ ಕೀಲಿ ಒತ್ತುತ್ತ ಹೋದರೆ ಕಂಪ್ಯೂಟರು ಒಂದೊಂದೇ ಸಾಲನ್ನು ಓದಿ ಹೇಳುತ್ತದೆ, ಬೇಕಾದ ಕಡೆ ಎಂಟರ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಕತ್ತಲಲ್ಲಿ ಸ್ವಂತ ಅಡುಗೆಮನೆಯಲ್ಲಿ ಓಡಾಡಿದ ಹಾಗೆ ನಾನು ಅದರೊಳಗೆ ಓಡಾಡುತ್ತಿದ್ದೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೈಗೇ ಗೊತ್ತಿತ್ತು.

ಅದನ್ನು ನನಗೆ ಕಲಿಸಿದವಳು ಅಕ್ಕ. ಒಡಹುಟ್ಟಿದ ಅಕ್ಕನಲ್ಲ. ಕುರುಡು ಹುಡುಗಿಯರ ಶಾಲೆಯ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು, ನನಗಿಂತ ದೊಡ್ಡವಳು. ಅವಳ ಊರು ಮಲ್ಲಟ, ನನ್ನದು ಗಬ್ಬೂರು. ಮುಂದೆ ಅವಳು ಮಾನ್ವಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾದಳು, ನಾನು ದೇವದುರ್ಗದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರಾದೆ. ಕಂಪ್ಯೂಟರು ಮಾತಾಡುತ್ತದೆಂದು ಮೊದಲು ಪತ್ತೆ ಹಚ್ಚಿದವಳು ಅವಳೇ. ಫೋನಿನಲ್ಲಿ "ಈಗ ಇದನ್ನ ಒತ್ತು, ಏನಂತು? ಹಾಂ, ಈಗ ಕೆಳಗ ಇಳಿ" ಎನ್ನುತ್ತ, ವಾರಗಟ್ಟಲೆ ಸಿಟ್ಟು ಮಾಡಿಕೊಳ್ಳದೆ ಹೇಳಿಕೊಟ್ಟಳು.

ಅಲ್ಲಿಂದ ಸಂಜೆಗೊಂದು ಪತ್ರ ಶುರುವಾಯಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದೆವು, ಕಂಪ್ಯೂಟರು ಅದನ್ನು ಪರದೇಶದವರ ಹಾಗೆ ಓದುತ್ತಿತ್ತು. "ಊಟ ಆಯ್ತಾ" ಎಂದು ಅವಳು ಬರೆದರೆ ನನಗೆ ಕೇಳುತ್ತಿದ್ದುದು "ಊಟಾ ಐಟಾ". ಮೊದಮೊದಲು ನಕ್ಕೆ. ಆಮೇಲೆ ಅದೇ ಅವಳ ದನಿಯಾಗಿ ಹೋಯಿತು. ತರಗತಿಯಲ್ಲಿ ಯಾವ ಹುಡುಗ ಅವಳ ಕೋಲು ಅಡಗಿಸಿಟ್ಟ, ಬಿಸಿಯೂಟದ ಸಾರಿಗೆ ಉಪ್ಪು ಹೆಚ್ಚಾಗಿ ಅಡುಗೆಯಾಕೆ ಯಾರ ಮೇಲೆ ಹರಿಹಾಯ್ದಳು, ಎಲ್ಲ ಬರೆಯುತ್ತಿದ್ದಳು. ಅವಳ ಪತ್ರಗಳನ್ನು ನಾನು ಒಂದು ಫೋಲ್ಡರಿನಲ್ಲಿ ಕೂಡಿಡುತ್ತ ಬಂದೆ. ಅದಕ್ಕೆ ಮಾನ್ವಿ ಎಂದೇ ಹೆಸರಿಟ್ಟೆ. ಕಂಪ್ಯೂಟರು ಅದನ್ನು "ಮ್ಯಾನ್‌ವೈ" ಎನ್ನುತ್ತಿತ್ತು.

ನನಗೆ ರಾಯಚೂರಿಗೆ ವರ್ಗವಾಯಿತು. ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯ ಮಾಲಕಿ, ವಯಸ್ಸಾದ ಮುಸ್ಲಿಂ ಹೆಂಗಸು, ಮನೆಯಲ್ಲಿ ದಖ್ಖನಿ ಉರ್ದು ಮಾತು. ನಾನು ಅವರನ್ನು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತೇನೆ, ಅವರು ನನ್ನನ್ನು ಬೇಟಿ ಎನ್ನುತ್ತಾರೆ. ಆ ಊರಿನಲ್ಲಿ ನನ್ನನ್ನು ಕರೆದು ಮಾತಾಡಿಸುವವರು ಅವರೊಬ್ಬರೇ. ಕಚೇರಿಯಲ್ಲಿ ಎಲ್ಲರ ಜೇಬಿನಲ್ಲೂ ಮೊಬೈಲ್ ಬಂದ ಮೇಲೆ ನನ್ನ ಮೇಜಿನ ಫೋನು ರಿಂಗಾಗುವುದೇ ಅಪರೂಪ. ಬೆಳಿಗ್ಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ, ಫ್ಯಾನಿನ ಸಪ್ಪಳ ಕೇಳುತ್ತಿದ್ದೆ, ಸಂಜೆ ಎದ್ದು ಬರುತ್ತಿದ್ದೆ. ಎಷ್ಟೋ ದಿನ, ಕೋಣೆಯ ಬೀಗ ತೆಗೆಯುವಾಗ, ಅವತ್ತು ಯಾರೊಂದಿಗೂ ಒಂದು ಪೂರ್ತಿ ಮಾತು ಆಡಿಲ್ಲವೆಂಬುದು ನೆನಪಾಗುತ್ತಿತ್ತು. ಆಗ ಕಂಪ್ಯೂಟರು ಹಚ್ಚುತ್ತಿದ್ದೆ.

ಆದರೆ ಅಕ್ಕನ ಪತ್ರಗಳೂ ಸಣ್ಣವಾಗತೊಡಗಿದವು. ಪುಟದಷ್ಟು ಬರೆಯುತ್ತಿದ್ದವಳು ಎರಡು ಸಾಲಿಗಿಳಿದಳು. ಕಾಲು ನೋವೆಂದು ಹೇಳಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಳು. ಆಮೇಲೆ ಪತ್ರವೇ ಇಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಒಮ್ಮೆ ಎತ್ತಿದಾಗ ನಾನು ಕೇಳಿದ್ದೊಂದು, ಅವಳು ಹೇಳಿದ್ದೊಂದು. "ಕಾಲು ಹೆಂಗದ ಅಕ್ಕಾ?" ಎಂದರೆ, "ಹೂಂ ಹೂಂ, ಆರಾಮ ಅದೀನಿ, ನೀನೂ ಆರಾಮಿರು" ಎಂದು ಇಟ್ಟುಬಿಟ್ಟಳು. ನನಗೆ ಬಹಳ ಕೆಡುಕೆನಿಸಿತು. ಇವಳಿಗೆ ನಾನು ಬೇಸರವಾದೆ ಎಂದುಕೊಂಡೆ. ನಾನೂ ಬಿಗುವಿನಿಂದ ಫೋನು ಮಾಡುವುದನ್ನು ಬಿಟ್ಟೆ. ಸಂಜೆ ಹೊತ್ತು ಅವಳ ಹಳೆಯ ಪತ್ರಗಳನ್ನೇ ತೆರೆದು ಕೇಳುತ್ತಿದ್ದೆ. ಅವುಗಳಲ್ಲಿ ಅವಳಿಗೆ ನಾನಿನ್ನೂ ಬೇಕಾಗಿದ್ದೆ.

ಆಗ ಬಂತು ಈ ಹೊಸ ಆವೃತ್ತಿಯ ಕಾಟ. ಒಂದು ದಿನ ಪ್ರೋಗ್ರಾಮು ಪಾಸ್‌ವರ್ಡನ್ನೇ ಒಪ್ಪಲಿಲ್ಲ. ಕಂಪ್ಯೂಟರ್ ಅಂಗಡಿಯವರಿಗೆ ಫೋನು ಮಾಡಿದೆ. ಬಂದ ಮೆಕ್ಯಾನಿಕ್ಕು ನೋಡಿ, "ಹಳೇದು ಇನ್ನ ನಡ್ಯಂಗಿಲ್ಲ ರೀ ಮೇಡಮ್. ಹೊಸಾದು ಹಾಕ್ಬೇಕು" ಎಂದ. ಹಾಕಿದ. ಹೊಸದಾಗಿ ಬಂದ ಪತ್ರಗಳೆಲ್ಲ ಸರಿಯಾಗಿ ತೆರೆದುಕೊಂಡವು. ಚಹಾ ಕುಡಿದು ಹೋದ.

ಅವನು ಹೋದ ಮೇಲೆ ನಾನು ಫೋಲ್ಡರುಗಳ ಪಟ್ಟಿಗೆ ಹೋದೆ. ಮೊದಲು ಬರೀ "ಮ್ಯಾನ್‌ವೈ" ಎನ್ನುತ್ತಿದ್ದುದು ಈಗ "ಮ್ಯಾನ್‌ವೈ ಸ್ಲ್ಯಾಶ್" ಎಂದಿತು. ಹೆಸರಿನ ಕೊನೆಗೆ ಓರೆಗೆರೆಯ ಬಾಲವೊಂದು ಯಾಕೆ ಸೇರಿತೋ ತಿಳಿಯಲಿಲ್ಲ. ಎಂಟರ್ ಒತ್ತಿದೆ.

"ಎಂಪ್ಟಿ" ಎಂದಿತು.

ತಪ್ಪಿ ಒತ್ತಿರಬೇಕೆಂದು ಹಿಂದೆ ಬಂದೆ. ಹಿಂದೆ ಬರುವ ಕೀಲಿಯೂ ಬದಲಾಗಿತ್ತು. ಎಲ್ಲಿಗೋ ಹೋದೆ, ಕಂಡು ಕೇಳರಿಯದ ಹೆಸರುಗಳನ್ನು ಓದಿತು. ಮತ್ತೆ ಮೊದಲಿನಿಂದ ಶುರು ಮಾಡಿ ಬಾಣದ ಕೀಲಿ ಎಣಿಸುತ್ತ ಬಂದು ಮತ್ತೆ ಎಂಟರ್ ಒತ್ತಿದೆ. ಎಂಪ್ಟಿ. ಬೇರೆ ಫೋಲ್ಡರುಗಳನ್ನೂ ಒತ್ತಿ ನೋಡಿದೆ. ಕಚೇರಿಯದು ಖಾಲಿ, ನನ್ನ ತಮ್ಮನ ಪತ್ರಗಳದೂ ಖಾಲಿ. ಅವು ಹೋದರೆ ಹೋಗಲಿ ಎನಿಸಿತು. ಮರಳಿ ಮಾನ್ವಿಗೆ ಬಂದೆ. ಪರಿಚಯದ ಮನೆಯಲ್ಲಿ ಯಾರೋ ಸಾಮಾನುಗಳನ್ನೆಲ್ಲ ಸರಿಸಿಟ್ಟ ಹಾಗಿತ್ತು. ಕೈ ಚಾಚಿದ ಕಡೆಯೆಲ್ಲ ಬಯಲು.

ಮರುದಿನ ಮೆಕ್ಯಾನಿಕ್ಕನ್ನು ಮತ್ತೆ ಕರೆಸಿದೆ. ಅವನೂ ಎಂಟರನ್ನೇ ಒತ್ತಿದ. "ಖಾಲಿ ಅಂತನ ತೋರ್ಸಾಕತ್ತದ ರೀ. ಹೊಸಾದು ಹಾಕೂ ಮುಂದ ಅಳಿಸಿ ಹೋಗಿರಬೇಕು. ಭಾಳ ಮುಖ್ಯದವು ಇದ್ದವೇನ್ರೀ?"

"ಹಂಗೇನಿಲ್ಲ ರೀ" ಎಂದೆ.

ಆಮೇಲೆ ಎರಡು ದಿನ ಕಂಪ್ಯೂಟರು ಹಚ್ಚಲೇ ಇಲ್ಲ. ಎರಡನೆಯ ಸಂಜೆ ಖಾಲಾ ಮೆಟ್ಟಿಲು ಹತ್ತಿ ಬಂದರು. ಮಂಡಿ ನೋವಿನಿಂದ ಅವರು ಮೇಲೆ ಬರುವುದೇ ಕಡಿಮೆ. "ಬೇಟಿ, ಎರಡ ದಿನಾ ಆತು, ನಿನ್ನ ಮಷಿನ್ ಮಾತೇ ಕೇಳಿಲ್ಲ. ತಬಿಯತ್ ಬರೋಬರ್ ಅದ ಇಲ್ಲ, ಆರಾಮ ಅದಿ?" ಎಂದರು.

"ಕಾಗದಾ ಕಳದಾವ ಖಾಲಾ."

"ಯಾರ್ದು?"

"ಮಾನ್ವಿ ಅಕ್ಕಂದು."

ಖಾಲಾ ಮಂಡಿ ಹಿಡಿದು ಕುಳಿತರು. "ಅಕ್ಕ ಅದಾಳಿಲ್ಲ? ಮಾನ್ವಿ ಏನ್ ದೂರ ಅದ? ಹೋಗಿ ಬಾ" ಎಂದರು. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಬಿಗುಮಾನ ಬಿಡುತ್ತಿರಲಿಲ್ಲವೇನೋ. ಈಗ ಹೋಗಲು ಒಂದು ನೆಪವಿತ್ತು.

ಭಾನುವಾರ ಮಾನ್ವಿ ಬಸ್ಸು ಹತ್ತಿದೆ. ಕಿಟಕಿಯಿಂದ ಕಾದ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮಾನ್ವಿ ಹತ್ತಿರ ಬಂದಂತೆ ನೀರು ನಿಂತ ಭತ್ತದ ಗದ್ದೆಯ ವಾಸನೆ, ಹಿಂದೆಯೇ ರೈಸ್ ಮಿಲ್ಲಿನ ತೌಡಿನ ವಾಸನೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಮೊದಲು ಫೋಲ್ಡರಿನ ಮಾತು. ಆಮೇಲೆ, ಧೈರ್ಯ ಬಂದರೆ, ಯಾಕೆ ನನ್ನನ್ನು ಬಿಟ್ಟೆ ಎಂದು ಕೇಳುವುದು.

ಆಟೋದವನು ಅವಳ ಬಾಗಿಲ ಮುಂದೆಯೇ ಇಳಿಸಿದ. ಬಾಗಿಲು ತೆರೆದಿತ್ತು. "ಅಕ್ಕಾ" ಎಂದೆ. ಒಳಗೆ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು. ಇನ್ನಷ್ಟು ಗಟ್ಟಿಯಾಗಿ ಕರೆದೆ. ಸಪ್ಪಳ ನಿಲ್ಲಲಿಲ್ಲ. ಬೇಕೆಂದೇ ಮಾಡುತ್ತಿದ್ದಾಳೆ ಎಂದು ಕಣ್ಣಲ್ಲಿ ನೀರು ಬಂತು. ಹಾಗೇ ಹಿಂತಿರುಗಬೇಕೆಂದುಕೊಂಡೆ. ಆದರೆ ಆಟೋ ಹೋಗಿಯಾಗಿತ್ತು. ಗೋಡೆ ಹಿಡಿದು ಒಳಗೆ ನಡೆದು, ಸಪ್ಪಳ ಬಂದತ್ತ ಹೋಗಿ ಅವಳ ಭುಜ ಮುಟ್ಟಿದೆ.

ಅವಳು ಚೀರಿದಳು. ಕೈಯಲ್ಲಿದ್ದ ತಾಟು ಬಿದ್ದು ನೆಲದ ಮೇಲೆ ಗರಗರ ತಿರುಗಿತು. "ಯಾರದು? ಯಾರು ಬಂದೀರಿ?"

"ನಾ, ಅಕ್ಕಾ."

"ಯಾರಂತ ಹೇಳ್ರಿ! ಯಾರು?"

"ಅಕ್ಕಾ, ನಾ ಬಂದೀನಿ, ನಾ!" ಎಂದು ಅವಳ ಕಿವಿಯ ಹತ್ತಿರವೇ ಕೂಗಿದೆ. ಅವಳು ಒದ್ದೆ ಕೈಯಿಂದ ನನ್ನ ತೋಳು ಹಿಡಿದು, ಮಣಿಕಟ್ಟಿಗಿಳಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅವಳ ಉಸಿರು ಬದಲಾಯಿತು.

"ನೀನೇನ ಬೇ?" ಎಂದಳು. ಓಣಿಯ ತುದಿಗೆ ಕೇಳುವಷ್ಟು ಗಟ್ಟಿಯಾಗಿ. "ನನಗ ಏನೂ ಕೇಳ್ಸಂಗಿಲ್ಲ. ಎರಡೂ ಕಿವಿ ಹೋದವು."

ಇಬ್ಬರೂ ಅಡುಗೆಮನೆಯ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟೆವು. ನಾನು ಮಾತಾಡಿದರೆ ಅವಳಿಗೆ ತಲುಪದು, ತಲೆಯಾಡಿಸಿದರೆ ಕಾಣದು. ಅವಳ ಕೈ ಹಿಡಿದುಕೊಂಡು ಏನು ಮಾಡಬೇಕೋ ತೋಚದೆ ಕುಳಿತಿದ್ದಾಗ ಹಾಸ್ಟೆಲ್ಲಿನ ಆಟ ನೆನಪಾಯಿತು. ಬ್ರೈಲ್ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಆರು ಚುಕ್ಕಿಗಳ ಜಾಗ. ಎಡಗೈಯ ಮೂರು ಬೆರಳು, ಬಲಗೈಯ ಮೂರು ಬೆರಳು, ಅಲ್ಲಿಗೆ ಆರು. ಮಾತಾಡಬಾರದೆಂದು ವಾರ್ಡನ್ ಗದರಿದಾಗ ನಾವು ಹೊದಿಕೆಯೊಳಗೆ ಒಬ್ಬರ ಬೆರಳನ್ನೊಬ್ಬರು ಒತ್ತಿ ಮಾತಾಡುತ್ತಿದ್ದೆವು.

ಅವಳ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಮೊದಲು ತಪ್ಪಿತು. ಎರಡನೆಯ ಸಲ ನಿಧಾನವಾಗಿ ಒತ್ತಿದೆ: ಯಾಕೆ ಹೇಳಲಿಲ್ಲ?

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ನಕ್ಕಳು, ನಗುತ್ತಲೇ ಅತ್ತಳು. "ಮೊದ್ಲು ಹುಡುಗ್ರಿಗಿ ಗೊತ್ತಾತು. ನಾ ಪಾಠ ಓದಸ್ತಿದ್ರ ಅವು ಏನೇನೋ ಓದಿ ನಗ್ತಿದ್ವು. ಅವು ನಗಾಕತ್ತಾವ ಅನ್ನೋದೂ ನನಗ ತಿಳೀಲಿಲ್ಲ. ಇನ್ನೊಬ್ರು ಟೀಚರ್ ಬಂದು ಹೇಳಿದ್ರು. ರಾಯಚೂರಾಗ ಡಾಕ್ಟರ್ ಹತ್ರ ತೋರ್ಸಿದೆ. ನರಾ ಒಣಗ್ಯಾವ, ಕಿವಿಗಿ ಮಷಿನ್ ಹಾಕಿದ್ರೂ ಆಗಂಗಿಲ್ಲ ಅಂದ್ರು."

ರಾಯಚೂರಿಗೆ ಬಂದಿದ್ದೆಯಾ? ನನ್ನ ಮನೆಗೆ ಯಾಕೆ ಬರಲಿಲ್ಲ? ಇದನ್ನು ಒತ್ತುವಾಗ ನನ್ನ ಬೆರಳುಗಳಲ್ಲಿ ಸಿಟ್ಟಿತ್ತು. ಅವಳಿಗೆ ಅದು ತಿಳಿಯಿತೆಂದು ಕಾಣುತ್ತದೆ.

"ನಿನ್ನ ಎದುರು ಕುಂತು ನಿನ್ನ ಮಾತು ಒಂದೂ ಕೇಳ್ಸದ ಎದ್ದು ಬರೋದು ನನ್ನ ಕಡಿಂದ ಆಗ್ತಿದ್ದಿಲ್ಲ ಬೇ" ಎಂದಳು. ಆ ಮಾತನ್ನು ಮೆಲ್ಲಗೆ ಹೇಳಬೇಕೆಂದಿದ್ದಳೇನೋ. ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು "ಏನಾತ್ರೀ?" ಎಂದು ಕೇಳಿ ಹೋದಳು.

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಫೋಲ್ಡರಿನ ಕತೆ ಒತ್ತಿ ಹೇಳಿದೆ. ಬಹಳ ಹೊತ್ತು ಹಿಡಿಯಿತು. "ಮ್ಯಾನ್‌ವೈ ಸ್ಲ್ಯಾಶ್" ಎಂದು ಒತ್ತಿದಾಗ ಅವಳು ನನ್ನ ತೊಡೆಗೆ ಹೊಡೆದು ನಕ್ಕಳು. ಕಿವಿ ಪೂರ್ತಿ ಹೋಗುವ ಮೊದಲು ಅವಳೂ ಇದೇ ಹೊಸ ಆವೃತ್ತಿ ಹಾಕಿಸಿದ್ದಳಂತೆ, ಇದೇ ಖಾಲಿಯಲ್ಲಿ ಸಿಕ್ಕಿಬಿದ್ದಿದ್ದಳಂತೆ.

"ಎಲ್ಲೂ ಹೋಗಿಲ್ಲ, ಅಲ್ಲೇ ಅದಾವ. ಮೊದ್ಲು ಫೋಲ್ಡರ್ ಅಂದ್ರ ಬರೀ ಕಾಗದದ ಡಬ್ಬಿ. ಈಗ ಅದು ಕಾಗದಾನೂ ಇಟ್ಕೊಂತದ, ಒಳಗ ಸಣ್ಣ ಡಬ್ಬೀನೂ ಇಟ್ಕೊಂತದ. ಎಂಟರ್ ಒತ್ತಿದ್ರ ಸಣ್ಣ ಡಬ್ಬಿ ಎಲ್ಲಿ ಅಂತ ಹುಡುಕ್ತದ. ನೀ ಇಟ್ಟೇ ಇಲ್ಲ, ಅದಕ್ಕ ಖಾಲಿ ಅಂತದ. ಶಿಫ್ಟ್ ಹಿಡ್ದು ಫುಲ್‌ಸ್ಟಾಪ್ ಕೀಲಿ ಒತ್ತು. ಕಾಗದಾ ತೆರೀತಾವ. ಆ ಸ್ಲ್ಯಾಶ್ ಅಂದ್ರ ಇದು ಎರಡೂ ಥರದ್ದು ಅಂತ. ತಿಳೀತಾ?"

ತಿಳಿಯಿತು ಎಂದು ಒತ್ತಿದೆ. ಬರೀ ಅವಳ ಕೈ ಬಿಡಬಾರದೆಂದು, ಇನ್ನೊಮ್ಮೆ ಹೇಳು ಎಂದೂ ಒತ್ತಿದೆ. ಅವಳು ಇನ್ನೊಮ್ಮೆ ಹೇಳಿದಳು.

ಸಂಜೆ ರಾಯಚೂರಿಗೆ ಬಂದು ಕಂಪ್ಯೂಟರು ಹಚ್ಚಿದೆ. ಶಿಫ್ಟ್ ಹಿಡಿದು ಆ ಕೀಲಿ ಒತ್ತಿದ್ದೇ ತಡ, ಪತ್ರಗಳೆಲ್ಲ ಸಾಲಾಗಿ ಬಂದವು. ಒಂದನ್ನು ತೆರೆದೆ. "ಊಟಾ ಐಟಾ" ಎಂದಿತು. ಕೇಳುತ್ತ ಕುಳಿತೆ. ಆದರೆ ಎರಡು ಪತ್ರಗಳಾಚೆ ಹೋಗಲಾಗಲಿಲ್ಲ. ಇಷ್ಟು ದಿನ ಇದನ್ನೇ ಅವಳ ದನಿಯೆಂದುಕೊಂಡಿದ್ದೆ. ಈಗ ಆ ಅಡುಗೆಮನೆಯ ದೊಡ್ಡ, ಹತೋಟಿಯಿಲ್ಲದ ದನಿ ಕಿವಿಯಲ್ಲಿತ್ತು. ಉತ್ತರ ಬರೆಯೋಣವೆಂದು ಹೊಸ ಪತ್ರ ತೆರೆದೆ. ಅವಳ ವಿಳಾಸ ಹಾಕಿದ ಮೇಲೆ ನೆನಪಾಯಿತು, ಇದನ್ನು ಓದಿ ಹೇಳಿದರೂ ಅವಳಿಗೆ ಕೇಳುವುದಿಲ್ಲ. ಕಂಪ್ಯೂಟರು ಆರಿಸಿದೆ. ಕೆಳಗೆ ಖಾಲಾ ಯಾರ ಜೊತೆಗೋ ನಗುತ್ತಿದ್ದರು. ನಾನು ದೀಪವಿಲ್ಲದ ಕೋಣೆಯಲ್ಲಿ, ದೀಪದ ಅಗತ್ಯವೂ ಇಲ್ಲದೆ, ಊಟದ ಹೊತ್ತು ಮೀರುವ ತನಕ ಕುಳಿತೇ ಇದ್ದೆ.

ಈಗ ಅಕ್ಕ ಮಾನ್ವಿಯಲ್ಲಿಲ್ಲ. ಒಬ್ಬಳೇ ಇರುವುದು ಬೇಡವೆಂದು ಅವಳ ತಮ್ಮ ಮಲ್ಲಟಕ್ಕೆ ಕರೆದುಕೊಂಡು ಹೋಗಿದ್ದಾನೆ. ಒಳ್ಳೆಯ ಮನುಷ್ಯ. ಅವನ ಹೆಂಡತಿಯೂ ಬೆರಳು ಒತ್ತುವುದನ್ನು ಅಷ್ಟಿಷ್ಟು ಕಲಿತಿದ್ದಾಳೆ. "ಊಟ", "ನೀರು", "ಬಾ" ಎಂದು ಒತ್ತುತ್ತಾಳಂತೆ. ನಾನು ದಪ್ಪ ಕಾಗದದ ಮೇಲೆ ಬ್ರೈಲಿನಲ್ಲಿ ಚುಚ್ಚಿ ಅಂಚೆಗೆ ಹಾಕುತ್ತೇನೆ. ಬೇರೆ ಲಕೋಟೆಗಳ ಭಾರಕ್ಕೆ ಚುಕ್ಕಿಗಳು ಕೆಲವೊಮ್ಮೆ ಸವೆದು ಹೋಗಿರುತ್ತವೆ, ಅರ್ಧ ಓದಿ ಉಳಿದದ್ದನ್ನು ಅವಳು ಊಹಿಸಿಕೊಳ್ಳುತ್ತಾಳೆ. ಉತ್ತರ ಬರುವುದು ತಡ. ಒಂದು ಪತ್ರ ಹೋಗಿ ಇನ್ನೊಂದು ಬರುವ ತನಕ ದಿನಗಳು ಹಾಗೇ ಉದ್ದಕ್ಕೆ ಬಿದ್ದಿರುತ್ತವೆ.

ರಜೆ ಸಿಕ್ಕಾಗ ಮಲ್ಲಟಕ್ಕೆ ಹೋಗುತ್ತೇನೆ. ಹೋದ ಸಲ ಹೊರಡುವಾಗ ನಿಲ್ದಾಣದ ತನಕ ತಾನೂ ಬರುತ್ತೇನೆಂದು ಹಟ ಹಿಡಿದಳು. ಅವಳ ತಮ್ಮ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿ ಅಂಗಡಿಗೆ ಹೋದ. ಅವಳ ಕೈ ನನ್ನ ಕೈಯಲ್ಲಿತ್ತು. ಊರಾಚೆಯ ತಿರುವಿನಲ್ಲಿ ಬಸ್ಸಿನ ಸದ್ದು ನನಗೆ ಕೇಳಿತು.

"ಬಸ್ಸು ಬಂತೇನ?" ಎಂದಳು.

ಇನ್ನೂ ಇಲ್ಲ ಎಂದು ಒತ್ತಿದೆ.

ಸದ್ದು ಹತ್ತಿರವಾಯಿತು. ಕಟ್ಟೆಯ ಕಲ್ಲು ಸಣ್ಣಗೆ ನಡುಗಿದಾಗ ಅವಳು ನನ್ನ ಬೆರಳನ್ನು ಹಿಂಡಿದಳು. "ಬಂತಲ್ಲ ಬೇ! ನನಗ ಸುಳ್ಳು ಹೇಳ್ತಿದಿ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ಯಾರೋ ನಕ್ಕರು. ತಮ್ಮ ಓಡಿ ಬಂದು ನನ್ನನ್ನು ಹತ್ತಿಸಿದ. ಬಸ್ಸು ಹೊರಟ ಮೇಲೂ ಸ್ವಲ್ಪ ದೂರ ಅವಳ ದನಿ ಕೇಳುತ್ತಿತ್ತು. ಏನೋ ಹೇಳುತ್ತಿದ್ದಳು, ಬಹುಶಃ ಜೋಪಾನವೆಂದು. ಉತ್ತರ ಕೊಡಲು ಅವಳ ಕೈ ನನ್ನ ಹತ್ತಿರ ಇರಲಿಲ್ಲ.